ಲಿನಕ್ಸ್‌ನಲ್ಲಿ ಡಿಟಿಪಿ: ದುಡ್ಡಿನ ತಂತ್ರಾಂಶಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಂಪ್ಯೂಟರ್‌ನಲ್ಲಿ ಪುಸ್ತಕದ ಪುಟ ಕಟ್ಟುವವನು, ಅಂದರೆ ಡಿಟಿಪಿ ಕೆಲಸದವನು. ಪುಟ ಕಟ್ಟುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ ಕೆಲಸ ಕಲಿತೆ. ಈಗ ಬಹುಪಾಲು ಕೆಲಸ ವಿಂಡೋಸ್ ಬದಲು ಬಳಸುವ ಮುಕ್ತ ಕಾರ್ಯಾಚರಣ ವ್ಯವಸ್ಥೆಯಾದ ಲಿನಕ್ಸ್‌ನಲ್ಲೇ ಆಗುತ್ತದೆ. ಇದು ಗೊತ್ತಾದ ಮೇಲೆ ಡಿಟಿಪಿ ಅಂಗಡಿಯವರು, ಪ್ರಕಾಶಕರು, ಪ್ರೋಗ್ರಾಮ್ ಬರೆಯುವ ಹುಡುಗರು ಸಿಕ್ಕಾಗಲೆಲ್ಲ ಪ್ರಶ್ನೆ ಕೇಳುತ್ತಾರೆ. ಕೆಲವರು ಪತ್ರ ಬರೆಯುತ್ತಾರೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದರಿಂದ ಎಲ್ಲವನ್ನೂ ಒಂದು ಕಡೆ ಸೇರಿಸಿದ್ದೇನೆ. ಪ್ರಶ್ನೆಗಳು ಅವರ ಮಾತಿನಲ್ಲೇ ಇವೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಶುರುವಿನ ಪ್ರಶ್ನೆಗಳು

ಸರ್, ಪೇಜ್‌ಮೇಕರ್ ಲಿನಕ್ಸ್‌ಗೆ ಯಾವಾಗ ಬರುತ್ತೆ?

ಬರುವುದಿಲ್ಲ. ಪೇಜ್‌ಮೇಕರ್‌ನ ಕೊನೆಯ ದೊಡ್ಡ ಆವೃತ್ತಿ 7.0, ಬಂದದ್ದು 2001ರಲ್ಲಿ. 2004ರಲ್ಲಿ ಅಡೋಬಿ ಅದರ ಮೇಲಿನ ಕೆಲಸವನ್ನೇ ನಿಲ್ಲಿಸಿತು. ಆಲ್ಡಸ್ ಎಂಬ ಕಂಪನಿ 1985ರಲ್ಲಿ ಮ್ಯಾಕಿಂಟಾಷ್‌ಗಾಗಿ ತಂದ ತಂತ್ರಾಂಶ ಅದು. 1994ರಲ್ಲಿ ಆಲ್ಡಸ್ ಅಡೋಬಿಯ ಕೈಸೇರಿತು. 1999ರಲ್ಲಿ ಅಡೋಬಿಯದೇ ಹೊಸ ಪುಟ ಕಟ್ಟುವ ತಂತ್ರಾಂಶ ಇನ್‌ಡಿಸೈನ್ ಬಂದ ಮೇಲೆ ಕಂಪನಿಯ ಗಮನವೆಲ್ಲ ಅತ್ತ ಹೋಯಿತು.

ನಮ್ಮ ಊರುಗಳಲ್ಲಿ ಲಗ್ನಪತ್ರಿಕೆ, ಕರಪತ್ರ, ಕವನ ಸಂಕಲನ ಎಲ್ಲ ಇವತ್ತಿಗೂ ಪೇಜ್‌ಮೇಕರ್‌ನಲ್ಲೇ ಆಗುತ್ತಿರುವುದರಿಂದ ಅದಿನ್ನೂ ಬದುಕಿದೆ ಅನ್ನಿಸುತ್ತದೆ. ಮಾಡಿದವರ ಮನೆಯಲ್ಲಿ ಅದರ ದೀಪ ಆರಿ ಎರಡು ದಶಕ ದಾಟಿತು. ಹಾಗಾಗಿ ಕೇಳಬೇಕಾದ್ದು ಇನ್‌ಡಿಸೈನ್, ಕ್ವಾರ್ಕ್‌ಎಕ್ಸ್‌ಪ್ರೆಸ್, ಅಫಿನಿಟಿಯಂಥವು ಬರುತ್ತವಾ ಅಂತ. ಈ ಮೂರಕ್ಕೂ ಲಿನಕ್ಸ್ ಆವೃತ್ತಿ ಇಲ್ಲ. ಯಾಕಿಲ್ಲ ಅನ್ನುವುದು ಮುಂದಿದೆ.

ಲಿನಕ್ಸ್ ಅಂದ್ರೆ ಪುಕ್ಕಟೆ ಅಲ್ವಾ? ಅದರಲ್ಲಿ ದುಡ್ಡಿನ ಸಾಫ್ಟ್‌ವೇರ್ ಮಾರೋದು ಕಾನೂನಿಗೆ ಸರಿನಾ?

ಪೂರ್ತಿ ಸರಿ. ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ಪರವಾನಗಿ ಕರ್ನೆಲ್‌ಗೆ ಮಾತ್ರ ಅನ್ವಯ. ಅದರ ಮೇಲೆ ಓಡುವ ತಂತ್ರಾಂಶ ಮುಚ್ಚಿದ್ದಿರಲಿ, ತೆರೆದದ್ದಿರಲಿ, ಹತ್ತು ರೂಪಾಯಿಯದ್ದಿರಲಿ, ಲಕ್ಷದ್ದಿರಲಿ, ಅಡ್ಡಿಯಿಲ್ಲ. ಸಿನಿಮಾದ ಬಣ್ಣ ತಿದ್ದುವ ಡಾವಿಂಚಿ ರಿಸಾಲ್ವ್, ಅನಿಮೇಷನ್‌ನ ಮಾಯಾ, ಹೌಡಿನಿ ಎಲ್ಲವೂ ಲಿನಕ್ಸ್‌ನಲ್ಲಿ ಓಡುವ ವ್ಯಾಪಾರಿ ತಂತ್ರಾಂಶಗಳೇ.

ಇಂಗ್ಲಿಷಿನ ‘ಫ್ರೀ’ ಎಂಬ ಒಂದೇ ಪದಕ್ಕೆ ಬಿಟ್ಟಿ, ಬಿಡುಗಡೆ ಎಂಬ ಎರಡೂ ಅರ್ಥ ಇರುವುದರಿಂದ ಈ ಗೊಂದಲ. ಕನ್ನಡದಲ್ಲಿ ಮುಕ್ತ, ಉಚಿತ ಎಂದು ಬೇರೆ ಬೇರೆ ಮಾತೇ ಇವೆ. ಅವನ್ನು ಬೇರೆ ಬೇರೆಯಾಗಿಯೇ ಬಳಸಿದರೆ ಅರ್ಧ ಜಗಳ ತಪ್ಪುತ್ತದೆ.

ಈಗ ಲಿನಕ್ಸ್‌ನಲ್ಲಿ ದುಡ್ಡು ಕೊಟ್ಟು ತಗೊಳ್ಳೋ ಡಿಟಿಪಿ ಸಾಫ್ಟ್‌ವೇರ್ ಒಂದಾದ್ರೂ ಇದೆಯಾ?

ಇದೆ. ಜರ್ಮನಿಯ ವಿವಾಡಿಸೈನರ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಬಂದಿದೆ. ಅಟಾರಿ, ಅಮಿಗಾ ಎಂಬ ಹಳೆಯ ಕಂಪ್ಯೂಟರ್‌ಗಳ ಕಾಲದಿಂದ ಬಂದ ಪೇಜ್‌ಸ್ಟ್ರೀಮ್ ಕೂಡ ಲಿನಕ್ಸ್ ಮುಟ್ಟಿತ್ತು. ಎರಡನ್ನೂ ಮಾಡಿದ್ದು ಸಣ್ಣ ಕಂಪನಿಗಳು. ಇದನ್ನು ನೆನಪಿಟ್ಟುಕೊಳ್ಳಿ. ದೊಡ್ಡ ಕಂಪನಿಗೆ ಸಾಲದ ಮಾರುಕಟ್ಟೆ ಸಣ್ಣ ಕಂಪನಿಗೆ ಹೊಟ್ಟೆ ತುಂಬಿಸಬಹುದು.

ಆದರೆ ಕೊಳ್ಳುವ ಮೊದಲು ಕನ್ನಡದ ಒಂದು ಪುಟ ಹಾಕಿ ನೋಡದೆ ದುಡ್ಡು ಕೊಡಬೇಡಿ. ಯಾವ ಪದ ಹಾಕಿ ನೋಡಬೇಕು ಅನ್ನುವುದು ಕೊನೆಯ ಉತ್ತರದಲ್ಲಿದೆ.

ಸ್ಕ್ರೈಬಸ್ ಬಿಟ್ಟಿ ಸಿಗುವಾಗ ದುಡ್ಡಿನದು ಯಾಕೆ ಬೇಕು?

ಸ್ಕ್ರೈಬಸ್ ಎಂಬ ಮುಕ್ತ ಡಿಟಿಪಿ ತಂತ್ರಾಂಶದ ಮೇಲೆ ನನಗೆ ತುಂಬಾ ಪ್ರೀತಿ. 2001ರ ಸುಮಾರಿಗೆ ಫ್ರಾಂಜ್ ಶ್ಮಿಡ್ ಎಂಬ ಜರ್ಮನ್ನರು ಒಬ್ಬರೇ ಶುರು ಮಾಡಿದ ಕೆಲಸ ಅದು. ಲಿನಕ್ಸ್‌ನಲ್ಲಿ ಪುಟ ಕಟ್ಟಲು ಸರಿಯಾದದ್ದು ಇಲ್ಲ ಎಂಬ ಕೊರತೆಯಿಂದಲೇ ಹುಟ್ಟಿದ್ದು. ಪುಸ್ತಕ, ಪೋಸ್ಟರ್, ಸ್ಮರಣ ಸಂಚಿಕೆಗೆ ನಾನು ಅದನ್ನೇ ಬಳಸುತ್ತೇನೆ.

ಆದರೂ ಕೆಲವು ಕಡೆ ಅದು ಸಾಲದು. ಒಂದು ದಿನಪತ್ರಿಕೆಯಲ್ಲಿ ಹತ್ತು ಜನ ಒಟ್ಟಿಗೆ ಕೂತು ಒಂದೇ ಸಂಚಿಕೆಯ ಬೇರೆ ಬೇರೆ ಪುಟ ಕಟ್ಟುತ್ತಾರೆ. ವರದಿಗಾರ ತಿದ್ದಿದ್ದು ಪುಟದಲ್ಲಿ ತಾನಾಗಿ ತಿದ್ದಬೇಕು. ರಾತ್ರಿ ಹನ್ನೊಂದಕ್ಕೆ ಏನಾದರೂ ಕೆಟ್ಟರೆ ಫೋನ್ ಎತ್ತುವವರು ಬೇಕು. ಆ ಫೋನ್ ಎತ್ತುವವರಿಗೆ ಸಂಬಳ ಕೊಡಬೇಕಲ್ಲ. ದುಡ್ಡಿನ ತಂತ್ರಾಂಶ ಬೇಕಾಗುವುದು ಅಲ್ಲಿ. ಎರಡೂ ಇದ್ದರೆ ನಮ್ಮಂಥವರಿಗೇ ಒಳ್ಳೆಯದು.

## ಹಿಂದೆ ನಡೆದದ್ದು

ಯಾವ ಕಂಪನಿಯೂ ಇದುವರೆಗೆ ಪ್ರಯತ್ನವೇ ಮಾಡಲಿಲ್ವಾ?

ಮಾಡಿದ್ದಾರೆ. ಅದರಲ್ಲಿ ಕೋರೆಲ್‌ನ ಕತೆ ಎಲ್ಲಕ್ಕಿಂತ ದೊಡ್ಡದು.

ಕೆನಡಾದ ಕೋರೆಲ್ 1998ರ ಕೊನೆಯಲ್ಲಿ ವರ್ಡ್‌ಪರ್ಫೆಕ್ಟ್ 8 ಎಂಬ ಬರವಣಿಗೆ ತಂತ್ರಾಂಶವನ್ನು ಲಿನಕ್ಸ್‌ಗೆ ತಂದಿತು. ಸ್ವಂತ ಬಳಕೆಗೆ ಪುಕ್ಕಟೆ ಕೊಟ್ಟಿತು. 1999ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ಬಗೆಯ ಆಧಾರದ ಮೇಲೆ ತನ್ನದೇ ಲಿನಕ್ಸ್ ಹೊರಡಿಸಿತು. 2000ರಲ್ಲಿ ವರ್ಡ್‌ಪರ್ಫೆಕ್ಟ್ ಆಫೀಸ್ 2000 ಬಂತು, ಅದರ ಹಿಂದೆಯೇ ಕೋರೆಲ್‌ಡ್ರಾ 9. ಹೌದು, ನಮ್ಮ ಫ್ಲೆಕ್ಸ್ ಅಂಗಡಿಗಳ ಉಸಿರೇ ಆಗಿರುವ ಅದೇ ಕೋರೆಲ್‌ಡ್ರಾ ಒಂದು ಕಾಲದಲ್ಲಿ ಲಿನಕ್ಸ್‌ಗೆ ಪೆಟ್ಟಿಗೆಯಲ್ಲಿ ಸಿಗುತ್ತಿತ್ತು. ಇದನ್ನು ಹೇಳಿದರೆ ಎಷ್ಟೋ ಜನ ನಂಬುವುದೇ ಇಲ್ಲ.

ಈ ಎರಡನ್ನೂ ಲಿನಕ್ಸ್‌ಗಾಗಿ ಬುಡದಿಂದ ಬರೆದಿರಲಿಲ್ಲ. ವಿಂಡೋಸ್‌ನ ಕೋಡನ್ನೇ ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಎಂಬ ಪದರದ ಮೇಲೆ ಕೂರಿಸಿದ್ದರು. ವೈನ್ ಆಗಿನ್ನೂ ಎಳೆಯದು. ಅದರ 1.0 ಆವೃತ್ತಿ ಬಂದದ್ದೇ 2008ರಲ್ಲಿ. ಅಂದರೆ ಎಂಟು ವರ್ಷ ಮೊದಲೇ ಕೋರೆಲ್ ಅದರ ಮೇಲೆ ಭಾರ ಹೊರಿಸಿತ್ತು. ಆ ಹೊತ್ತಿಗೆ ಕಂಪನಿಯ ಹಣದ ಪರಿಸ್ಥಿತಿಯೂ ಕೆಟ್ಟಿತ್ತು. 2000ದ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ 13.5 ಕೋಟಿ ಡಾಲರ್ ಹೂಡಿತು. ಮರುವರ್ಷ ಕೋರೆಲ್ ತನ್ನ ಲಿನಕ್ಸನ್ನು ಮಾರಿತು. ಅದೇ ಮುಂದೆ ಜ಼ಾಂಡ್ರೋಸ್ ಆಯಿತು.

ಆ ದುಡಿಮೆ ಪೂರ್ತಿ ನೀರುಪಾಲಾಗಲಿಲ್ಲ. ವೈನ್‌ಗೆ ಕೋರೆಲ್‌ನ ಎಂಜಿನಿಯರ್‌ಗಳು ಮಾಡಿದ ತಿದ್ದುಪಡಿಗಳು ವೈನ್‌ನಲ್ಲೇ ಉಳಿದವು. ಇವತ್ತು ವೈನ್ ಓಡಿಸುವ ಎಲ್ಲರಿಗೂ ಅದರ ಪಾಲು ಸಿಗುತ್ತಿದೆ.

ಫ್ರೇಮ್‌ಮೇಕರ್ ಲಿನಕ್ಸ್‌ಗೆ ಬಂದಿತ್ತು ಅಂತ ಕೇಳಿದ್ದೆ. ನಿಜನಾ?

ನಿಜ. ದಪ್ಪ ದಪ್ಪ ಕೈಪಿಡಿ, ತಾಂತ್ರಿಕ ಪುಸ್ತಕ ಮಾಡುವವರ ತಂತ್ರಾಂಶ ಫ್ರೇಮ್‌ಮೇಕರ್. ಅದು ಹುಟ್ಟಿದ್ದೇ ಯೂನಿಕ್ಸ್‌ನಲ್ಲಿ, ಸನ್ ಕಂಪನಿಯ ಯಂತ್ರಗಳ ಮೇಲೆ. 1995ರಲ್ಲಿ ಅಡೋಬಿ ಅದನ್ನು ಕೊಂಡಿತು. 2000ದಲ್ಲಿ ಲಿನಕ್ಸ್‌ಗೆ ಒಂದು ಪರೀಕ್ಷಾ ಆವೃತ್ತಿ ಪುಕ್ಕಟೆ ಸಿಗುತ್ತಿತ್ತು. ಜನ ಖುಷಿಯಿಂದ ಬಳಸಿದರು. ಆದರೆ ಆ ವರ್ಷದ ಕೊನೆಗೆ ಅದರ ಅವಧಿ ಮುಗಿಯುವಂತೆ ಗಡಿಯಾರ ಇಟ್ಟಿದ್ದರು. ಮಾರಾಟದ ಆವೃತ್ತಿ ಬರಲೇ ಇಲ್ಲ.

ನನಗೆ ಈ ಕತೆ ತುಂಬಾ ಮುಖ್ಯ. ಯೂನಿಕ್ಸ್ ಕೋಡ್ ಕೈಯಲ್ಲೇ ಇತ್ತು. ತಂತ್ರಾಂಶ ಓಡುತ್ತಿತ್ತು. ಬಳಸುವ ಜನ ಇದ್ದರು. ಆದರೂ ನಿಂತಿತು. ಅಂದರೆ ಕೋಡನ್ನು ಓಡಿಸಿಬಿಟ್ಟರೆ ಕೆಲಸ ಮುಗಿಯಲಿಲ್ಲ. ಓಡಿದ್ದನ್ನು ಹತ್ತು ವರ್ಷ ನೋಡಿಕೊಳ್ಳುವ ಜವಾಬ್ದಾರಿ ಯಾರದ್ದು ಅನ್ನುವುದು ತೀರ್ಮಾನ ಆಗಬೇಕು.

ಮುಚ್ಚಿದ ಸಾಫ್ಟ್‌ವೇರನ್ನೇ ತೆರೆದುಬಿಟ್ರೆ ಜನವೇ ಲಿನಕ್ಸ್‌ಗೆ ತರಲ್ವಾ?

ಕ್ಸಾರಾ ಎಂಬ ಬ್ರಿಟನ್ನಿನ ಚಿತ್ರ ಬಿಡಿಸುವ ತಂತ್ರಾಂಶ ಈ ದಾರಿ ಹಿಡಿಯಿತು. 2005ರಲ್ಲಿ ಘೋಷಿಸಿ, 2006ರಲ್ಲಿ ಕೋಡನ್ನು ಎಲ್ಲರಿಗೂ ತೆರೆದಿಟ್ಟರು. ಆದರೆ ಪರದೆ ಮೇಲೆ ಚಿತ್ರ ಮೂಡಿಸುವ ಎಂಜಿನ್ ಮಾತ್ರ ಮುಚ್ಚಿಟ್ಟರು. ಅದೇ ಆ ತಂತ್ರಾಂಶದ ಹೃದಯ. ಅದು ಮುಚ್ಚಿದ್ದರಿಂದ ಹೊರಗಿನ ಪ್ರೋಗ್ರಾಮರ್‌ಗಳು ಉತ್ಸಾಹ ಕಳೆದುಕೊಂಡರು, ಕೆಲಸ ನಿಂತುಹೋಯಿತು. ಮನೆ ಕೊಟ್ಟು ಅಡುಗೆಮನೆಗೆ ಬೀಗ ಹಾಕಿದ ಹಾಗಾಯಿತು.

ಸಿನಿಮಾದವರ ಸಾಫ್ಟ್‌ವೇರ್ ಎಲ್ಲ ಲಿನಕ್ಸ್‌ಗೆ ಬಂತು. ಮುದ್ರಣದವರದ್ದು ಯಾಕೆ ಬರಲಿಲ್ಲ?

ಬೇರುಗಳು ಬೇರೆ. ಹಾಲಿವುಡ್‌ನ ಗ್ರಾಫಿಕ್ಸ್ ಮನೆಗಳು ಮೊದಲಿಂದ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ದುಬಾರಿ ಯೂನಿಕ್ಸ್ ಯಂತ್ರ ಬಳಸುತ್ತಿದ್ದವು. 2000ದ ಆಸುಪಾಸಿನಲ್ಲಿ ಅಗ್ಗದ ಪಿಸಿಗೆ ಬದಲಾಗುವಾಗ ಯೂನಿಕ್ಸ್‌ನ ಹತ್ತಿರದ ನೆಂಟ ಲಿನಕ್ಸ್ ಆಗಿತ್ತು. ಅವರಿಗೆ ಅದು ಸಹಜ ದಾರಿ. ಡಿಟಿಪಿ ಹುಟ್ಟಿದ್ದು ಮ್ಯಾಕ್‌ನಲ್ಲಿ, ಬೆಳೆದದ್ದು ಮ್ಯಾಕ್ ಮತ್ತು ವಿಂಡೋಸ್‌ನಲ್ಲಿ. ಯೂನಿಕ್ಸ್‌ನ ನಂಟು ಫ್ರೇಮ್‌ಮೇಕರ್‌ನಂಥ ಕೆಲವಕ್ಕೆ ಬಿಟ್ಟರೆ ಇರಲಿಲ್ಲ.

ಇನ್ನೊಂದು ಕಾರಣ, ಸಿನಿಮಾದವರು ಒಟ್ಟಿಗೆ ಹೋಗಿ ಕೇಳಿದರು. ಕೇಳಿದ್ದಷ್ಟೇ ಅಲ್ಲ, ದುಡ್ಡು ಹಾಕಿದರು. 2003ರಲ್ಲಿ ಡಿಸ್ನಿ ಮತ್ತಿತರ ಅನಿಮೇಷನ್ ಸ್ಟುಡಿಯೋಗಳು ಫೋಟೋಶಾಪ್ ಲಿನಕ್ಸ್‌ನಲ್ಲಿ ಓಡಲಿ ಎಂದು ವೈನ್ ಆಧಾರಿತ ಕ್ರಾಸ್‌ಓವರ್ ಮಾಡುವ ಕೋಡ್‌ವೀವರ್ಸ್ ಕಂಪನಿಗೆ ಹಣ ಕೊಟ್ಟವು. ಆ ಫೋಟೋಶಾಪ್ 7 ಅವರ ಮೇಜಿನ ಮೇಲೆ ಓಡಿತು. ನಮ್ಮ ಮುದ್ರಣ ಲೋಕ ಸಣ್ಣ ಸಣ್ಣ ಅಂಗಡಿಗಳಾಗಿ ಚದುರಿದೆ. ಒಟ್ಟಿಗೆ ಕೇಳಿದ್ದೇ ಇಲ್ಲ.

## ಅಂಗಡಿಯಲ್ಲಿ ಕೂತವರ ಪ್ರಶ್ನೆಗಳು

ವೈನ್‌ನಲ್ಲಿ ಪೇಜ್‌ಮೇಕರ್ ಓಡುತ್ತೆ ಅಂತಾರೆ. ನಂಬಬಹುದಾ?

ಹಳೆ ಫೈಲು ತೆರೆದು ನೋಡಲು, ಸಣ್ಣಪುಟ್ಟ ತಿದ್ದುಪಡಿಗೆ ನಂಬಬಹುದು. ದಿನದ ದುಡಿಮೆ ಅದರ ಮೇಲೆ ನಿಲ್ಲಿಸಬೇಡಿ.

ನಾನು ಮಾಡಿದ್ದು ಹೇಳುತ್ತೇನೆ. ಡೆಮಿ 1/8 ಅಳತೆಯ ಒಂದು ಹಳೆಯ ಕಾದಂಬರಿ, ನುಡಿ ಎಂಬ ಕನ್ನಡ ತಂತ್ರಾಂಶದ ಹಳೆ ಅಕ್ಷರದಲ್ಲಿತ್ತು. ವೈನ್‌ನಲ್ಲಿ ಪೇಜ್‌ಮೇಕರ್ 7 ಹಾಕಿ ತೆರೆದೆ. ಸಾಲುಗಳು ಎಲ್ಲಿ ಮುರಿದಿದ್ದವೋ ಅಲ್ಲೇ ಮುರಿದವು. ಪುಟ ಸಂಖ್ಯೆ ಒಂದೂ ಅಲುಗಲಿಲ್ಲ. ಕಣ್ಣು ತುಂಬಿ ಬಂತು, ಯಾಕೆಂದರೆ ಆ ಪುಟ ಕಟ್ಟಿದ ಕಂಪ್ಯೂಟರ್ ಕೆಟ್ಟು ಎಷ್ಟೋ ಕಾಲವಾಗಿತ್ತು. ಆದರೆ ಟೈಪ್ ಮಾಡಲು ಹೋದಾಗ ತೊಡಕು. ಹಳೆಯ ಕನ್ನಡ ಕೀಲಿಮಣೆ ತಂತ್ರಾಂಶಗಳು ನೀವು ಒತ್ತಿದ ಕೀಯನ್ನು ದಾರಿಯಲ್ಲೇ ಹಿಡಿದು ಬೇರೆ ಅಕ್ಷರ ಮಾಡಿ ಮುಂದಕ್ಕೆ ಕಳಿಸುತ್ತವೆ. ವೈನ್ ಒಳಗೆ ಆ ಹಿಡಿತ ಒಮ್ಮೆ ಸಿಗುತ್ತದೆ, ಒಮ್ಮೆ ಜಾರುತ್ತದೆ. ಪ್ರಿಂಟರ್ ಆಯ್ಕೆ, ಅಚ್ಚಿಗೆ ಕಳಿಸುವ ಪೋಸ್ಟ್‌ಸ್ಕ್ರಿಪ್ಟ್ ಫೈಲು ತೆಗೆಯುವುದು ಕೂಡ ತಾಳ್ಮೆ ಕೇಳಿತು.

ಹಳೆ ಅಕ್ಷರಗಳು ವೈನ್‌ನಲ್ಲಿ ಅಷ್ಟು ಚೆನ್ನಾಗಿ ಕಾಣುವುದಕ್ಕೂ ಒಂದು ಕಾರಣ ಇದೆ. ಕಂಪ್ಯೂಟರಿನ ಪಾಲಿಗೆ ಅವು ಕನ್ನಡವೇ ಅಲ್ಲ. ಅದು ಮುಂದಿನ ಉತ್ತರ.

ಅಣ್ಣಾ, ಪೇಜ್‌ಮೇಕರ್‌ನಿಂದ ಕಾಪಿ ಮಾಡಿ ಲಿನಕ್ಸ್‌ನಲ್ಲಿ ಪೇಸ್ಟ್ ಮಾಡಿದ್ರೆ ಏನೇನೋ ಇಂಗ್ಲಿಷ್ ಚಿಹ್ನೆ ಬರುತ್ತಲ್ಲ?

ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಕನ್ನಡದ ಅಂಗಡಿಗಳನ್ನು ಹಿಡಿದಿಟ್ಟಿರುವುದು ಪೇಜ್‌ಮೇಕರ್‌ಗಿಂತ ಜಾಸ್ತಿ ಇದೇ.

‘ಕನ್ನಡ’ ಅನ್ನುವ ಪದವನ್ನೇ ತೆಗೆದುಕೊಳ್ಳಿ. ಹಳೆಯ ನುಡಿ ಅಕ್ಷರದಲ್ಲಿ ಅದು ಏಳು ಚಿಹ್ನೆ. ಮೊದಲು ಇಂಗ್ಲಿಷಿನ ಪಿ. ಆಮೇಲೆ ತಲೆಯ ಮೇಲೆ ಓರೆಗೆರೆ ಹೊತ್ತ ಎ. ಈ ಎರಡು ಸೇರಿ ‘ಕ’. ನಂತರ ಪೌಂಡ್ ಹಣದ ಗುರುತು, ಮತ್ತೆ ಅದೇ ಎ, ಸೇರಿ ‘ನ’. ಜರ್ಮನ್ ಭಾಷೆಯ ಜೋಡಿ ಎಸ್ ನಮ್ಮ ನ-ಒತ್ತು. ಕೊನೆಗೆ ಕ್ಯೂ ಮತ್ತು ಎ ಸೇರಿ ‘ಡ’. ಫಾಂಟ್ ಈ ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಬರೆದಿಟ್ಟಿರುತ್ತದೆ. ‘ಯ’ ಒಂದಕ್ಕೇ ನಾಲ್ಕು ತುಂಡು ಬೇಕು. ಫಾಂಟ್ ತೆಗೆದ ತಕ್ಷಣ ಬಟ್ಟೆ ಕಳಚಿದಂತೆ ಒಳಗಿನ ಪಿ, ಎ, ಕ್ಯೂ ಕಾಣುತ್ತವೆ.

ಇದನ್ನು ಮಾಡಿದವರನ್ನು ನಾನು ಬಯ್ಯುವುದಿಲ್ಲ. ಪೇಜ್‌ಮೇಕರ್‌ಗೆ ಯೂನಿಕೋಡ್, ಅಂದರೆ ಎಲ್ಲ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಪದ್ಧತಿ, ಗೊತ್ತಿರಲಿಲ್ಲ. ಆ ಕಾಲದಲ್ಲಿ ಅದರೊಳಗೆ ಕನ್ನಡ ತರಲು ಇದ್ದ ದಾರಿ ಇದೊಂದೇ. ಕನ್ನಡ ಗಣಕ ಪರಿಷತ್ತಿನ ನುಡಿ ಬಂದಿರದಿದ್ದರೆ, ಶೇಷಾದ್ರಿವಾಸು ಅವರ ಬರಹ ಬಂದಿರದಿದ್ದರೆ ಎಷ್ಟು ಪುಸ್ತಕ ಅಚ್ಚಾಗುತ್ತಿರಲಿಲ್ಲವೋ. ಈಗ ಎರಡರಲ್ಲೂ ಯೂನಿಕೋಡ್ ಇದೆ.

ಆದರೆ ಒಂದು ಮಾತು ಸ್ಪಷ್ಟವಾಗಿರಲಿ. ನಾಳೆ ಬೆಳಿಗ್ಗೆ ಇನ್‌ಡಿಸೈನ್ ಲಿನಕ್ಸ್‌ಗೆ ಬಂದರೂ ನಿಮ್ಮ ಪಠ್ಯ ಹಳೆ ಅಕ್ಷರದಲ್ಲೇ ಇದ್ದರೆ ನೀವು ಇದ್ದಲ್ಲೇ ಇರುತ್ತೀರಿ. ಮೊದಲು ಪಠ್ಯ ಯೂನಿಕೋಡ್‌ಗೆ ಬರಲಿ. ತಂತ್ರಾಂಶ ಬದಲಿಸುವುದು ಆಮೇಲಿನ ಕೆಲಸ.

ಪರಿವರ್ತಕದಲ್ಲಿ ಹಾಕಿದ್ರೆ ಎಲ್ಲ ಸರಿಯಾಗಿ ಯೂನಿಕೋಡ್ ಆಗುತ್ತಾ? ಮತ್ತೆ ಪ್ರೂಫ್ ನೋಡಬೇಕಾ?

ನೋಡಲೇಬೇಕು. ಮುಖ್ಯವಾಗಿ ಅರ್ಕಾವತ್ತು. ‘ಕಾರ್ಯ’ ಅನ್ನುವಾಗ ಕಣ್ಣಿಗೆ ಅರ್ಕಾವತ್ತು ಕೊನೆಯಲ್ಲಿ ಕಾಣುತ್ತದೆ. ಹಳೆ ಅಕ್ಷರದಲ್ಲಿ ಕಂಡ ಕ್ರಮದಲ್ಲೇ ಅದನ್ನು ಇಟ್ಟಿರುತ್ತಾರೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ: ರ ಮೊದಲು, ಯ ಆಮೇಲೆ. ಪರಿವರ್ತಕ ಕೊನೆಯಲ್ಲಿರುವುದನ್ನು ಎತ್ತಿ ಮುಂದೆ ತರಬೇಕು. ಉದ್ದ ಒತ್ತಕ್ಷರ ಬಂದಾಗ ಕೆಲವು ಪರಿವರ್ತಕ ಇಲ್ಲಿ ಎಡವುತ್ತವೆ.

‘ರ‍್ಯಾಂಕ್’ ಇನ್ನೊಂದು ತೊಡಕಿನ ಪದ. ಇಲ್ಲಿ ಅರ್ಕಾವತ್ತು ಬೇಡ, ರ-ಗೆ ಯ-ಒತ್ತು ಬೇಕು. ಅದಕ್ಕೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಇರಬೇಕು. ಹಾಗೆಯೇ ‘ಲಿನಕ್ಸ್‌ಗೆ’ ಅನ್ನುವಲ್ಲಿ ಕಾಣದ ಒಂದು ಬಿಡಿಸುಕ ಇದೆ. ಅದು ಕಳೆದರೆ ‘ಲಿನಕ್ಸ್ಗೆ’ ಆಗುತ್ತದೆ. ಇಂಗ್ಲಿಷ್ ಮೂಲದ ಪದ ಜಾಸ್ತಿ ಇರುವ ಪುಸ್ತಕದಲ್ಲಿ ಇಂಥ ತಪ್ಪು ಪುಟಕ್ಕೆ ನಾಲ್ಕಾದರೂ ಸಿಗುತ್ತವೆ.

ಇನ್ನೊಂದು: ನುಡಿ ಅಕ್ಷರದ ಮಧ್ಯೆ ನಿಜವಾದ ಇಂಗ್ಲಿಷ್ ಪದ ಇದ್ದರೆ ಪರಿವರ್ತಕ ಅದನ್ನೂ ಕನ್ನಡ ಮಾಡಿ ಕಲಸಿಬಿಡುತ್ತದೆ. ಮೊದಲೇ ಗುರುತು ಹಾಕಿಟ್ಟುಕೊಳ್ಳಿ.

ಲಿನಕ್ಸ್‌ನಲ್ಲಿ ಒತ್ತಕ್ಷರ ಒಡೆದು ಹೋಗುತ್ತೆ ಅಂತ ಬಿಟ್ಟಿದ್ದೆ. ಈಗ ಸರಿ ಹೋಗಿದೆಯಾ?

ಹೋಗಿದೆ. ಸ್ಕ್ರೈಬಸ್‌ನ 1.4 ಸಾಲಿನ ಆವೃತ್ತಿಗಳಲ್ಲಿ ಕನ್ನಡ ಯೂನಿಕೋಡ್ ಹಾಕಿದರೆ ‘ರಾಷ್ಟ್ರ’ ಎಂಬುದು ಬಿಡಿಬಿಡಿ ಅಕ್ಷರವಾಗಿ ಚೆಲ್ಲಾಪಿಲ್ಲಿ ಆಗುತ್ತಿತ್ತು. 2017ರಲ್ಲಿ ಬಂದ 1.5.3ರಿಂದ ಹಾರ್ಫ್‌ಬಜ಼್ ಎಂಬ ಅಕ್ಷರ ಜೋಡಿಸುವ ಎಂಜಿನ್ ಒಳಗೆ ಸೇರಿತು. ಒಮನ್ ದೇಶದ ಮುಕ್ತ ತಂತ್ರಾಂಶದ ಗುಂಪೊಂದು ಅರಬಿಗಾಗಿ ಮಾಡಿದ ಕೆಲಸ ಅದರ ಹಿಂದಿದೆ. ಅವರು ತಮ್ಮ ಭಾಷೆಗೆ ಮಾಡಿಕೊಂಡದ್ದು ನಮ್ಮ ಒತ್ತಕ್ಷರವನ್ನೂ ಉಳಿಸಿತು. 2024ರ ಜನವರಿಯಲ್ಲಿ ಸ್ಥಿರ ಆವೃತ್ತಿ 1.6.0 ಬಂತು. ಹಿಂದೆ ನೋಡಿ ಬಿಟ್ಟವರು ಇನ್ನೊಮ್ಮೆ ನೋಡಿ.

ಇನ್‌ಡಿಸೈನ್ ಕೂಡ ಭಾರತೀಯ ಲಿಪಿಗಳನ್ನು ಸರಿಯಾಗಿ ಕೂರಿಸಿದ್ದು 2012ರ ಸಿಎಸ್6 ಎಂಬ ಆವೃತ್ತಿಯಲ್ಲಿ. ಅಂದರೆ ದುಡ್ಡಿನವರೂ ನಮ್ಮನ್ನು ಬಹಳ ಕಾಲ ಕಾಯಿಸಿದ್ದಾರೆ.

ಟೈಪ್ ಮಾಡುವ ಬಗ್ಗೆ ಚಿಂತೆ ಬೇಡ. ಲಿನಕ್ಸ್‌ನ ಕೀಲಿಮಣೆ ವ್ಯವಸ್ಥೆ ಐಬಸ್‌ನಲ್ಲಿ ನಿಮಗೆ ಅಭ್ಯಾಸವಾದ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ವಿನ್ಯಾಸವೇ ಸಿಗುತ್ತದೆ.

ಬಣ್ಣದ ಕೆಲಸ ಲಿನಕ್ಸ್‌ನಲ್ಲಿ ಆಗಲ್ಲ ಅಂತ ಪ್ರೆಸ್‌ನವರು ಹೇಳ್ತಾರೆ.

ಆಗುತ್ತದೆ. ನಾಲ್ಕು ಬಣ್ಣದ ಲೆಕ್ಕ ಮಾಡುವ ಲಿಟಲ್‌ಸಿಎಂಎಸ್ ಎಂಬ ಮುಕ್ತ ಕೋಡ್ ಬಹಳ ವರ್ಷದಿಂದ ಇದೆ. ಪರದೆಯ ಬಣ್ಣ ಅಳೆಯಲು ಆರ್ಗಿಲ್‌ಸಿಎಂಎಸ್ ಇದೆ. ಹೊಸ ಪರದೆ ವ್ಯವಸ್ಥೆಯಾದ ವೇಲ್ಯಾಂಡ್‌ನಲ್ಲಿ ಬಣ್ಣದ ನಿಯಮ ಸೇರಿದ್ದು ಮಾತ್ರ 2025ರಲ್ಲಿ, ತಡವಾಯಿತು ನಿಜ.

ಇಲ್ಲದಿರುವುದು ಮುದ್ರಣದವರು ಸಂಖ್ಯೆ ಹೇಳಿ ಗುರುತಿಸುವ ಪ್ಯಾಂಟೋನ್ ಬಣ್ಣದ ಪಟ್ಟಿ. ಅದು ಪರವಾನಗಿಯ ವಿಷಯ, ತಂತ್ರಜ್ಞಾನದ್ದಲ್ಲ. 2022ರ ಕೊನೆಯಿಂದ ಅಡೋಬಿಯಲ್ಲೇ ಹೆಚ್ಚಿನ ಪಟ್ಟಿಗಳು ಸುಮ್ನೆ ಸಿಗುತ್ತಿಲ್ಲ, ಬೇರೆ ದುಡ್ಡು ಕೊಡಬೇಕು.

ನಿಜವಾದ ಅಪಾಯ ಕಪ್ಪಿನದು. ಒಂದು ಸಲ ನನ್ನ ಪುಸ್ತಕದ ಫಾರಂ ಅಚ್ಚಾಗಿ ಬಂದಾಗ ಅಕ್ಷರದ ಅಂಚಿನಲ್ಲೆಲ್ಲ ಕೆಂಪು, ನೀಲಿ ನೆರಳು. ಒತ್ತಕ್ಷರಗಳಂತೂ ಓದಲಾಗುತ್ತಿರಲಿಲ್ಲ. ಪರದೆಯ ಕಪ್ಪು ನಾಲ್ಕೂ ಬಣ್ಣಕ್ಕೆ ಹಂಚಿಹೋಗಿತ್ತು. ಬಣ್ಣಕ್ಕೊಂದರಂತೆ ಇರುವ ನಾಲ್ಕು ಅಚ್ಚಿನ ಪ್ಲೇಟು ಕೂದಲೆಳೆ ಜಾರಿದರೂ ಸಣ್ಣ ಅಕ್ಷರ ಕಲಸಿಹೋಗುತ್ತದೆ. ಪಠ್ಯ ಯಾವತ್ತೂ ಕಪ್ಪು ಪ್ಲೇಟೊಂದರಲ್ಲೇ ಇರಬೇಕು. ಸ್ಕ್ರೈಬಸ್‌ನ ಮುದ್ರಣ ಪೂರ್ವ ನೋಟದಲ್ಲಿ ಉಳಿದ ಮೂರು ಬಣ್ಣ ಇಟ್ಟುಕೊಂಡು ಕಪ್ಪನ್ನು ಆರಿಸಿ ನೋಡಿ. ಪಠ್ಯ ಪೂರ್ತಿ ಮಾಯವಾಗಬೇಕು.

ಪ್ರೆಸ್‌ನವರು ಪೇಜ್‌ಮೇಕರ್ ಫೈಲೇ ಕೊಡಿ ಅಂತಾರೆ. ಏನ್ ಮಾಡ್ಲಿ?

ಪಿಡಿಎಫ್ ಕೊಡುತ್ತೇನೆ ಅನ್ನಿ. ಅಕ್ಷರ ಒಳಗೇ ಸೇರಿಸಿದ, ಮುದ್ರಣಕ್ಕೆಂದೇ ಮಾಡಿದ ಪಿಡಿಎಫ್/ಎಕ್ಸ್. ಪ್ಲೇಟು ತೆಗೆಯುವ ಯಂತ್ರಕ್ಕೆ ಆ ಪಿಡಿಎಫ್ ಯಾವ ಕಂಪ್ಯೂಟರ್‌ನಲ್ಲಿ ಹುಟ್ಟಿತು ಅನ್ನುವುದು ತಿಳಿಯುವುದೂ ಇಲ್ಲ, ಬೇಕಾಗಿಯೂ ಇಲ್ಲ. ಅವರು ಮೂಲ ಫೈಲು ಕೇಳುವುದು ಕೊನೇ ಗಳಿಗೆಯ ತಿದ್ದುಪಡಿಗೆ. ಆ ತಿದ್ದುಪಡಿ ನಾನೇ ಮಾಡಿ ಕಾಲು ಗಂಟೆಯಲ್ಲಿ ಕಳಿಸುತ್ತೇನೆ ಎಂದು ಮಾತು ಕೊಡಿ, ಹಾಗೇ ನಡೆದುಕೊಳ್ಳಿ. ಎರಡು ಪುಸ್ತಕ ಆಗುವಷ್ಟರಲ್ಲಿ ಅವರೇ ಕೇಳುವುದು ಬಿಡುತ್ತಾರೆ.

ಹಳೆ ಪೇಜ್‌ಮೇಕರ್, ಕ್ವಾರ್ಕ್ ಫೈಲುಗಳ ಗತಿ ಏನು?

ಡಾಕ್ಯುಮೆಂಟ್ ಲಿಬರೇಷನ್ ಪ್ರಾಜೆಕ್ಟ್ ಎಂಬ ಗುಂಪು ಮುಚ್ಚಿದ ಫೈಲು ಮಾದರಿಗಳನ್ನು ಬಿಡಿಸಿ ಓದುವ ಕೋಡ್ ಬರೆದಿದೆ. ಪೇಜ್‌ಮೇಕರ್, ಹಳೆಯ ಕ್ವಾರ್ಕ್, ಪಬ್ಲಿಷರ್, ಕೋರೆಲ್‌ಡ್ರಾ ಎಲ್ಲಕ್ಕೂ ಬೇರೆ ಬೇರೆ ಕೋಡ್ ಇದೆ. ಸ್ಕ್ರೈಬಸ್ ಅವನ್ನು ಬಳಸುತ್ತದೆ. ಪುಟ ಹಾಗ್ಹಾಗೇ ಬರುತ್ತದೆ ಎಂದು ಕಾಯಬೇಡಿ. ಪಠ್ಯ, ಚಿತ್ರದ ಜಾಗ, ಚೌಕಟ್ಟು ಸಿಕ್ಕರೆ ಸಾಕು ಅಂದುಕೊಳ್ಳಿ. ಇನ್‌ಡಿಸೈನ್ ಇರುವವರು ಪ್ರತಿ ಕೆಲಸ ಮುಗಿದಾಗ ಐಡಿಎಂಎಲ್ ಆಗಿಯೂ ಒಂದು ಪ್ರತಿ ಉಳಿಸಿ. ಅದು ಬೇರೆ ತಂತ್ರಾಂಶಗಳೂ ಓದಬಲ್ಲ ಮಾದರಿ.

## ತಂತ್ರಾಂಶ ಮಾಡುವವರ ಪ್ರಶ್ನೆಗಳು

ಮ್ಯಾಕ್ ಕೂಡ ಯೂನಿಕ್ಸ್ ಅಲ್ವಾ? ಮ್ಯಾಕ್ ಆವೃತ್ತಿ ಇರುವಾಗ ಒಂದು ಸಲ ಕಂಪೈಲ್ ಮಾಡಿದ್ರೆ ಸಾಲದಾ?

ಸಾಲದು. ಯೂನಿಕ್ಸ್ ಇರುವುದು ನೆಲಮಾಳಿಗೆಯಲ್ಲಿ. ಡಿಟಿಪಿ ತಂತ್ರಾಂಶ ವಾಸ ಮಾಡುವುದು ಮೇಲಿನ ಮಹಡಿಯಲ್ಲಿ. ಕಿಟಕಿ, ಮೆನು, ಅಕ್ಷರ ಜೋಡಣೆ, ಬಣ್ಣ ಎಲ್ಲಕ್ಕೂ ಆಪಲ್‌ಗೆ ತನ್ನದೇ ವ್ಯವಸ್ಥೆ ಇದೆ. ಲಿನಕ್ಸ್‌ನಲ್ಲಿ ಅವು ಯಾವುವೂ ಇಲ್ಲ, ಬದಲಿಗೆ ಬೇರೆಯವು ಇವೆ.

ಎಲ್ಲಕ್ಕಿಂತ ನೋವು ಕೊಡುವುದು ಅಕ್ಷರ ಜೋಡಣೆ. ಮ್ಯಾಕ್‌ನಲ್ಲಿ 312 ಪುಟ ಆದ ಪುಸ್ತಕ ಲಿನಕ್ಸ್‌ನಲ್ಲಿ ತೆರೆದಾಗ 313 ಪುಟ ಆದರೆ ಮುಗಿಯಿತು, ವಿಷಯಸೂಚಿ ಎಲ್ಲ ತಪ್ಪು. ಹಾಗಾಗಬಾರದು ಎಂದರೆ ಅಕ್ಷರದ ಅಗಲ ಲೆಕ್ಕ ಹಾಕುವುದು, ಸಾಲು ಮುರಿಯುವುದು ಎಲ್ಲ ತಂತ್ರಾಂಶದ ಸ್ವಂತದ್ದಾಗಿರಬೇಕು. ಕಾರ್ಯಾಚರಣ ವ್ಯವಸ್ಥೆಯ ಮೇಲೆ ಬಿಡಬಾರದು.

ನಮ್ಮದು ಸಣ್ಣ ಕಂಪನಿ. ಸಾಫ್ಟ್‌ವೇರ್ ಲಿನಕ್ಸ್‌ಗೆ ತರಬೇಕು ಅಂತಿದ್ದೀವಿ. ಎಲ್ಲಿಂದ ಶುರು ಮಾಡೋದು?

ಪುಟ ಕಟ್ಟುವ ಎಂಜಿನ್ನನ್ನು ಕಿಟಕಿ-ಮೆನುಗಳಿಂದ ಬಿಡಿಸಿ. ಮೊದಲು ಎಂಜಿನ್ ಒಂದನ್ನೇ ಲಿನಕ್ಸ್‌ನಲ್ಲಿ ಓಡಿಸಿ: ಫೈಲು ಕೊಟ್ಟರೆ ಪಿಡಿಎಫ್ ಕೊಡಬೇಕು, ಅಷ್ಟೇ. ಅದು ವಿಂಡೋಸ್‌ನ ಪಿಡಿಎಫ್‌ಗೆ ಸಾಲು ಸಾಲೂ ಹೊಂದುವವರೆಗೆ ಮೆನು ಮುಟ್ಟಬೇಡಿ. ಇದರಿಂದ ಇನ್ನೊಂದು ಲಾಭ ಇದೆ. ಸರ್ವರ್ ಮೇಲೆ ಪಠ್ಯಪುಸ್ತಕ, ಮತದಾರರ ಪಟ್ಟಿಯಂಥದ್ದನ್ನು ತಾನಾಗಿ ಪುಟ ಕಟ್ಟಿಸುವವರು ಆ ಎಂಜಿನ್ನನ್ನೇ ಕೊಳ್ಳಬಹುದು. ಮೊದಲ ಆದಾಯ ಅಲ್ಲಿಂದ ಬಂದೀತು.

ಕನ್ನಡದಂಥ ಲಿಪಿಗೆ ಹಾರ್ಫ್‌ಬಜ಼್ ಬಳಸಿ, ಸ್ವಂತದ್ದು ಬರೆಯಲು ಹೋಗಬೇಡಿ. ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲ ಬಳಸುವುದು ಅದನ್ನೇ. ಅಡೋಬಿಯೂ ಬಳಸುತ್ತದೆ.

ಮುಕ್ತ ಲೈಬ್ರರಿ ಬಳಸಿದ್ರೆ ನಮ್ಮ ಕೋಡನ್ನೂ ತೆರೆಯಬೇಕಾಗುತ್ತಾ?

ಯಾವ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಅನ್ನುವುದರ ಮೇಲೆ ಹೋಗುತ್ತದೆ. ಹಾರ್ಫ್‌ಬಜ಼್, ಫ್ರೀಟೈಪ್, ಲಿಟಲ್‌ಸಿಎಂಎಸ್ ಉದಾರ ಪರವಾನಗಿಯವು, ಮುಚ್ಚಿದ ತಂತ್ರಾಂಶದಲ್ಲೂ ಸೇರಿಸಬಹುದು. ಕಿಟಕಿ-ಮೆನು ಕಟ್ಟುವ ಕ್ಯೂಟಿಯಲ್ಲಿ ಹೆಚ್ಚಿನ ಭಾಗ ಎಲ್‌ಜಿಪಿಎಲ್ ಎಂಬ ಪರವಾನಗಿಯಲ್ಲಿದೆ: ಶರತ್ತು ಪಾಲಿಸಿದರೆ ನಿಮ್ಮ ಕೋಡ್ ನಿಮ್ಮದೇ. ದುಡ್ಡು ಕೊಟ್ಟೂ ಕೊಳ್ಳಬಹುದು. ಎಚ್ಚರ ಬೇಕಿರುವುದು ಪೋಸ್ಟ್‌ಸ್ಕ್ರಿಪ್ಟ್, ಪಿಡಿಎಫ್ ಓದುವ ಘೋಸ್ಟ್‌ಸ್ಕ್ರಿಪ್ಟ್ ಬಗ್ಗೆ. ಅದು ಎಜಿಪಿಎಲ್ ಎಂಬ ಬಿಗಿ ಪರವಾನಗಿಯಲ್ಲಿದೆ. ಮುಚ್ಚಿದ ತಂತ್ರಾಂಶದ ಒಳಗೆ ಸೇರಿಸಬೇಕೆಂದರೆ ವ್ಯಾಪಾರಿ ಪರವಾನಗಿ ಕೊಳ್ಳಬೇಕು. ವಕೀಲರನ್ನು ಕೊನೆಯಲ್ಲಿ ಅಲ್ಲ, ಮೊದಲೇ ಕೇಳಿ.

ಅಷ್ಟೊಂದು ಡಿಸ್ಟ್ರೋ ಇವೆ. ಯಾವುದಕ್ಕೆ ಅಂತ ಮಾಡೋದು?

ಡಿಸ್ಟ್ರೋ ಅಂದರೆ ಲಿನಕ್ಸ್‌ನ ಬೇರೆ ಬೇರೆ ಬಗೆ. ಅವುಗಳಲ್ಲೆಲ್ಲ ಓಡುವ ಕಟ್ಟುಗಳಾದ ಫ್ಲಾಟ್‌ಪ್ಯಾಕ್ ಅಥವಾ ಆ್ಯಪ್‌ಇಮೇಜ್ ಒಂದು ಮಾಡಿ. ಬೇಕಾದ್ದೆಲ್ಲ ಒಳಗೇ ಇರುತ್ತದೆ. ಕೋರೆಲ್‌ನ ಕಾಲದಲ್ಲಿ ಈ ಅನುಕೂಲ ಇರಲಿಲ್ಲ. ಫ್ಲಾಟ್‌ಪ್ಯಾಕ್‌ನಲ್ಲಿ ಬಳಕೆದಾರರ ಫಾಂಟ್‌ಗಳು ಕಾಣುತ್ತವೆಯೇ ಎಂದು ಮಾತ್ರ ಮೊದಲ ದಿನವೇ ನೋಡಿ.

ಎಲ್ಲರೂ ಕಾಪಿ ಹೊಡೆದೇ ಬಳಸೋದು. ಲಿನಕ್ಸ್‌ನಲ್ಲಿ ದುಡ್ಡು ಕೊಡೋರು ಯಾರು?

ನಮ್ಮ ಕಡೆ ಪೇಜ್‌ಮೇಕರ್ ದುಡ್ಡು ಕೊಟ್ಟು ಕೊಂಡವರು ಕಡಿಮೆ, ಒಪ್ಪುತ್ತೇನೆ. ಅದರಿಂದ ನಮಗೇ ಪೆಟ್ಟು ಬಿತ್ತು. ಗಿರಾಕಿಗಳ ಪಟ್ಟಿಯಲ್ಲಿ ಇಲ್ಲದವರ ಭಾಷೆಯನ್ನು ಕಂಪನಿ ಯಾಕೆ ಕೇಳಿಸಿಕೊಳ್ಳುತ್ತದೆ? ಈಗ ಕಾಲ ಬದಲಾಗಿದೆ. ತಿಂಗಳ ಬಾಡಿಗೆ ಕಟ್ಟಿಯೇ ತಂತ್ರಾಂಶ ಬಳಸುವ ಅಂಗಡಿಗಳು ನನಗೇ ಗೊತ್ತಿವೆ. ಅವರು ಲಿನಕ್ಸ್‌ನಲ್ಲೂ ಕೊಡುತ್ತಾರೆ, ಒಂದು ಶರತ್ತಿನ ಮೇಲೆ: ಕನ್ನಡ ಸರಿ ಬರಬೇಕು, ಕೇಳಿದರೆ ಉತ್ತರ ಸಿಗಬೇಕು.

ಕೊನೆಗೆ ಒಂದು ಪ್ರಶ್ನೆ. ಹೊಸ ಸಾಫ್ಟ್‌ವೇರ್ ಬಂದ್ರೆ ಕನ್ನಡಕ್ಕೆ ಸರಿ ಇದೆಯಾ ಅಂತ ಹೇಗೆ ನೋಡೋದು?

ಈ ಪದಗಳನ್ನು ಒಂದು ಚೌಕಟ್ಟಿನಲ್ಲಿ ಹಾಕಿ: ಸ್ತ್ರೀ, ರಾಷ್ಟ್ರ, ಲಕ್ಷ್ಮಿ, ಜ್ಞಾನ, ಕಾರ್ಯ, ದಾರ್ಢ್ಯ, ರ‍್ಯಾಂಕ್, ಸ್ಕ್ರೈಬಸ್, ಲಿನಕ್ಸ್‌ಗೆ. ‘ಸ್ಕ್ರೈ’ಯಲ್ಲಿ ಸ-ದ ಕೆಳಗೆ ಎರಡು ಒತ್ತು, ಮೇಲೆ ಎತ್ವ, ಜೊತೆಗೆ ಐತ್ವದ ಕೊಂಡಿ. ಒಂದರ ಮೇಲೊಂದು ಹತ್ತಬಾರದು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು.

ಆಮೇಲೆ ಪಿಡಿಎಫ್ ಮಾಡಿ. ಅದರಲ್ಲಿ ‘ಕಾರ್ಯ’ ಎಂದು ಹುಡುಕಿ. ಸಿಗಬೇಕು. ಅಲ್ಲಿಂದ ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿ. ಅದೇ ಪದ ಬರಬೇಕು. ಕೊನೆಗೆ ಹತ್ತು ಪಾಯಿಂಟ್‌ನಲ್ಲಿ ಒಂದು ಹಾಳೆ ಪ್ರಿಂಟ್ ತೆಗೆದು, ಕಿಟಕಿ ಬೆಳಕಿನಲ್ಲಿ ಹಿಡಿದು ಓದಿ. ಒಂದು ಪದ ತಪ್ಪಿದರೂ ಆ ಹಾಳೆಯನ್ನು ಸ್ಕ್ಯಾನ್ ಮಾಡಿ, ತಪ್ಪಿದ ಪದಕ್ಕೆ ಸುತ್ತು ಹಾಕಿ ತಂತ್ರಾಂಶ ಮಾಡಿದವರಿಗೆ ಕಳಿಸಿ.